ಚಿಗರಿಯ ಬಲಗಾಲು

ನಮ್ಮ ಕಟ್ಟಡದ ಪಾರ್ಕಿಂಗಿಗೆ ಶಹಾಬಾದ್ ಕಲ್ಲು ಹಾಸಿದ್ದಾರೆ. ಮಳೆಗಾಲದಲ್ಲಿ ಹೊರಗಿನಿಂದ ಯಾರೇ ಬಂದರೂ ಅದರ ಮೇಲೆ ಒದ್ದೆ ಹೆಜ್ಜೆ ಮೂಡುತ್ತದೆ. 2024ರ ಜುಲೈ ಎರಡನೇ ವಾರ, ಒಂದು ಬೆಳಿಗ್ಗೆ ನಮ್ಮ ನಾಯಿಮರಿ ಚಿಗರಿಯನ್ನು ವಾಕಿಂಗ್ ಮಾಡಿಸಿಕೊಂಡು ಬಂದೆ. ಅವಳು ಓಡಿ ಹೋಗಿ ಮೆಟ್ಟಿಲ ಹತ್ತಿರ ನಿಂತಳು. ಛತ್ರಿ ಮಡಚುತ್ತಾ ನೆಲ ನೋಡಿದೆ. ಮೂರು ಕಾಲಿನ ಗುರುತು ಮೆಟ್ಟಿಲ ಕಡೆಗೇ ಮುಖ ಮಾಡಿದ್ದವು. ಮುಂದಿನ ಬಲಗಾಲಿನದು ಮಾತ್ರ ಗೋಡೆಯ ಕಡೆ ತಿರುಗಿತ್ತು. ಒಂದು ಹೆಜ್ಜೆ ಹಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಗೇಟಿನಿಂದ ಮೆಟ್ಟಿಲವರೆಗೆ ಎಲ್ಲಾ ಬಲಹೆಜ್ಜೆಗಳೂ ಹಾಗೇ ಇದ್ದವು.

ಚಿಗರಿ ಬೀದಿಯ ಮರಿ. ನಾವಿರುವುದು ಪುಣೆಯ ಕೋಥ್ರೂಡಿನಲ್ಲಿ, ವನಾಜ್ ಮೆಟ್ರೋ ಸ್ಟೇಷನ್ನಿಗೆ ಹತ್ತಿರ. ಆ ವರ್ಷದ ಏಪ್ರಿಲ್‌ನಲ್ಲಿ ಒಂದು ವಡಾಪಾವ್ ಗಾಡಿಯ ಕೆಳಗೆ ಸಿಕ್ಕಿದ್ದಳು. ಆಗ ಒಂದೂವರೆ ತಿಂಗಳು ಇರಬಹುದು ಅಂದರು. ಕಂದು ಬಣ್ಣ, ತೆಳ್ಳನೆಯ ಉದ್ದ ಕಾಲುಗಳು. ನಮ್ಮ ಊರು ಧಾರವಾಡ. ನಮ್ಮ ಕಡೆ ಜಿಂಕೆಗೆ ಚಿಗರಿ ಅಂತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು. ಮಗಳಿಗೆ ಆ ಬಸ್ಸು ಅಂದರೆ ಪ್ರಾಣ. ಹಾಗಾಗಿ ಹೆಸರಿಗೆ ಯಾರೂ ಜಗಳ ಆಡಲಿಲ್ಲ.

ಜೂನ್ ಕೊನೆಯಲ್ಲಿ ಅವಳನ್ನು ಆಕ್ಟಿವಾದ ಮುಂದೆ, ಕಾಲಿಡುವ ಜಾಗದಲ್ಲಿ ಕೂರಿಸಿಕೊಂಡು ಲಸಿಕೆಗೆ ಕರೆದುಕೊಂಡು ಹೋಗಿದ್ದೆ. ಪೌಡ್ ಫಾಟಾದ ಸಿಗ್ನಲ್ಲಿನಲ್ಲಿ ಗಾಡಿ ನಿಧಾನ ಆಯಿತು. ಎದುರಿಗೆ ಒಂದು ಬೆಕ್ಕು ಕಂಡಿತೋ ಏನೋ, ಹಾರಿಬಿಟ್ಟಳು. ಇಡೀ ಮೈಭಾರ ಮುಂದಿನ ಬಲಗಾಲಿನ ಮೇಲೆ ಬಿತ್ತು. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಅವತ್ತೇ ಎಕ್ಸ್-ರೇ ತೆಗೆಸಿದೆವು. ಮೂಳೆ ಎಲ್ಲೂ ಮುರಿದಿರಲಿಲ್ಲ. ನೋವಿನ ಔಷಧಿ ಕೊಟ್ಟರು. ನಾಲ್ಕು ದಿನ ಕುಂಟಿದಳು, ಐದನೇ ದಿನ ಮಗಳ ಚಪ್ಪಲಿ ಕಚ್ಚಿಕೊಂಡು ಓಡಾಡುತ್ತಿದ್ದಳು. ನಾವು ಮರೆತುಬಿಟ್ಟೆವು.

ಮರೆತದ್ದೇ ತಪ್ಪಾಯಿತು. ಇದನ್ನು ಬರೆಯುತ್ತಿರುವುದೂ ಅದಕ್ಕೇ. ಮರಿನಾಯಿಯ ಕಾಲಿಗೆ ಪೆಟ್ಟು ಬಿದ್ದರೆ, ಮೊದಲ ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೂ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಸಬೇಕು. ಮೂಳೆ ಬೆಳೆಯುವ ಜಾಗ ಜಜ್ಜಿಹೋಗಿದ್ದರೆ ಅದು ಮೊದಲ ದಿನ ಕಾಣುವುದೇ ಇಲ್ಲ. ಬೆಳವಣಿಗೆ ನಿಂತ ಮೇಲೆ, ಕಾಲು ತಿರುಗಲು ಶುರುವಾದ ಮೇಲೆ ಕಾಣುತ್ತದೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಒದ್ದೆ ಹೆಜ್ಜೆ ನೋಡಿದ ದಿನವೇ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಕಾಲು ಮುಟ್ಟಿ ನೋಡಿ, ಕ್ಯಾಲ್ಸಿಯಂ ಕಡಿಮೆ ಆಗಿದೆ ಅಂದರು. ಎರಡು ಬಾಟಲಿ ಸಿರಪ್ ಬರೆದುಕೊಟ್ಟರು. ಬಿದ್ದ ವಿಷಯ ಹೇಳಿದೆ. ‘ಅದು ವಾಸಿ ಆಗಿದೆಯಲ್ಲ, ಇದು ಬೇರೆ’ ಅಂದರು. ನಂಬಿದೆ. ಹನ್ನೆರಡು ದಿನ ದಿನಕ್ಕೆರಡು ಸಲ ಸಿರಪ್ ಹಾಕಿದೆ. ಕಾಲು ಇನ್ನಷ್ಟು ತಿರುಗಿತು. ಈಗ ಯೋಚಿಸಿದರೆ ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು ಅನ್ನಿಸುತ್ತದೆ: ಕ್ಯಾಲ್ಸಿಯಂ ಕಡಿಮೆ ಆಗಿದ್ದರೆ ಒಂದೇ ಕಾಲು ಯಾಕೆ ಸೊಟ್ಟ ಆಗುತ್ತದೆ? ಊಟದ ಕೊರತೆಯಿಂದ ಮೂಳೆ ಬಾಗಿದರೆ ಸಾಮಾನ್ಯವಾಗಿ ಎರಡೂ ಕಡೆ ಬಾಗುತ್ತದೆ. ಚಿಗರಿ ತಿನ್ನುತ್ತಿದ್ದದ್ದು ಮರಿಗಳಿಗೆಂದೇ ಮಾಡಿದ ಆಹಾರ, ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರ ಮೇಲೆ ಸುಮ್ನೆ ಸಿರಪ್ ಸುರಿಯುವುದು ಒಳ್ಳೆಯದಲ್ಲ. ದೊಡ್ಡ ಜಾತಿಯ ಮರಿಗಳಲ್ಲಂತೂ ಜಾಸ್ತಿ ಕ್ಯಾಲ್ಸಿಯಮ್ಮೇ ಮೂಳೆ ಕೆಡಿಸುತ್ತದೆ.

ನಮ್ಮ ಕೆಳಗಿನ ಮನೆಯಲ್ಲಿ ಬೆಳಗಾವಿಯ ಕಾಕಾ ಇದ್ದಾರೆ. ರಿಟೈರ್ ಆಗಿ ಹತ್ತು ವರ್ಷ. ಅವರೇ ಒಂದು ಸಂಜೆ ಚಿಗರಿಯನ್ನು ನೋಡಿ, "ಇದು ಔಷಧಕ್ಕ ಬಗ್ಗೂದಲ್ಲ ತಂಗಿ. ಎಲುಬಿನ ಡಾಕ್ಟರ್ ಕಡೆ ಹೋಗು" ಅಂದರು. ಅವರ ಅಳಿಯ ಒಬ್ಬ ಸರ್ಜನ್ ಹೆಸರು ಕೊಟ್ಟ. ಪ್ರಾಣಿಗಳ ಮೂಳೆ ಶಸ್ತ್ರಚಿಕಿತ್ಸೆಯನ್ನೇ ಮಾಡುವವರು. ಜುಲೈ 25ಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಆ ದಿನ ಪುಣೆಯಲ್ಲಿದ್ದವರು ಯಾರೂ ಮರೆಯುವುದಿಲ್ಲ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳೊಳಗೆ ನೀರು ನುಗ್ಗಿತ್ತು. ಶಾಲೆಗಳಿಗೆಲ್ಲ ರಜೆ. ಕ್ಲಿನಿಕ್ಕಿನಿಂದ ಫೋನ್ ಬಂತು, ಶನಿವಾರ ಬನ್ನಿ ಅಂತ. ಎರಡೇ ದಿನ ಆದರೂ ನನಗೆ ಆಗಲೇ ಒಂದೊಂದು ದಿನವೂ ಎಣಿಕೆಗೆ ಬರುತ್ತಿತ್ತು.

27ರಂದು ಕಾಕಾನೂ ನಮ್ಮ ಜೊತೆ ಬಂದರು. ಡಾಕ್ಟರು ನಮ್ಮಿಬ್ಬರ ಮಾತು ಕೇಳಿ, "ಕನ್ನಡದವ್ರೇನ್ರಿ?" ಅಂದರು. ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಆಮೇಲೆ ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ನನ್ನ ಅರ್ಧ ಭಯ ಅಲ್ಲೇ ಇಳಿಯಿತು.

ಮೊದಲು ಚಿಗರಿಯನ್ನು ಕಾರಿಡಾರಿನಲ್ಲಿ ನಡೆಸಿ ನೋಡಿದರು, ಎದುರಿನಿಂದ, ಹಿಂದಿನಿಂದ. ಆಮೇಲೆ ಎರಡೂ ಮುಂಗಾಲಿನ ಎಕ್ಸ್-ರೇ. ಸರಿ ಇರುವ ಕಾಲಿನದು ಯಾಕೆ ಅಂದೆ. ಬೆಳೆಯುವ ಮರಿಗೆ ಅದೇ ಅಳತೆಗೋಲು, ಅವಳದೇ ಎಡಗಾಲಿಗೆ ಬಲಗಾಲನ್ನು ಹೋಲಿಸಬೇಕು ಅಂದರು. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಮೇಲೆ ಮೊಣಕೈ ಕೀಲು, ಕೆಳಗೆ ಮಣಿಕಟ್ಟು ಎರಡೂ ಬರಲೇಬೇಕು. ಅಲುಗಾಡದಿರಲಿ ಎಂದು ಸ್ವಲ್ಪ ಮಂಪರಿನ ಇಂಜೆಕ್ಷನ್ ಕೊಟ್ಟರು.

ಕಂಪ್ಯೂಟರ್ ಪರದೆಯ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. "ಇಲ್ನೋಡ್ರಿ ಮೇಡಂ. ಮುಂಗಾಲಾಗ ಎರಡು ಎಲುಬು. ದಪ್ಪನ್ನದು ರೇಡಿಯಸ್, ಸಣ್ಣದು ಅಲ್ನಾ. ಎರಡೂ ಜೋಡಿಯಾಗಿ ಬೆಳೀಬೇಕು. ಎಡಗಾಲಾಗ ಕೆಳಗ ಈ ಕರಿ ಗೆರಿ ಕಾಣ್ತದಲ್ಲ, ಇಂಗ್ಲಿಷ್ ವಿ ಅಕ್ಷರ ಇದ್ದಂಗ? ಅದು ಬೆಳಿಯೂ ಜಾಗ. ಬಲಗಾಲಾಗ ನೋಡ್ರಿ."

ಬಲಗಾಲಿನಲ್ಲಿ ಆ ಗೆರೆ ಇರಲಿಲ್ಲ. ಅಲ್ಲಿ ಬರೀ ಬಿಳಿ.

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಮರಿಗಳ ಉದ್ದ ಮೂಳೆಗಳ ತುದಿಯಲ್ಲಿ ಮೆದು ಎಲುಬಿನ ಒಂದು ಪದರ ಇರುತ್ತದೆ. ಗ್ರೋತ್ ಪ್ಲೇಟ್ ಅಂತಾರೆ. ಮೂಳೆ ಉದ್ದ ಆಗುವುದು ಅಲ್ಲಿಂದ. ರೇಡಿಯಸ್ಸಿಗೆ ಮೇಲೂ ಕೆಳಗೂ ಇಂಥ ಪದರ ಇದ್ದು ಎರಡೂ ಕಡೆಯಿಂದ ಬೆಳೆಯುತ್ತದೆ. ಅಲ್ನಾದ ಬೆಳವಣಿಗೆಯಲ್ಲಿ ಸುಮಾರು 85 ಶೇಕಡಾ ಕೆಳಗಿನ ಒಂದೇ ಪದರದ ಮೇಲೆ ನಿಂತಿದೆ. ಉಳಿದ ಮೂಳೆಗಳಲ್ಲಿ ಈ ಪದರ ಹೆಚ್ಚುಕಡಿಮೆ ಚಪ್ಪಟೆ. ಪಕ್ಕದಿಂದ ಪೆಟ್ಟು ಬಿದ್ದರೆ ಜಾರಿಕೊಳ್ಳುತ್ತದೆ, ಬೆಳೆಯುವ ಜೀವಕೋಶಗಳು ಬದುಕಿಕೊಳ್ಳುತ್ತವೆ. ನಾಯಿಯ ಅಲ್ನಾದ ಕೆಳತುದಿಯಲ್ಲಿ ಮಾತ್ರ ಅದು ಐಸ್‌ಕ್ರೀಂ ಕೋನಿನ ಆಕಾರ. ಜಾರಲು ಜಾಗ ಇಲ್ಲ. ಯಾವ ಕಡೆಯಿಂದ ಪೆಟ್ಟು ಬಿದ್ದರೂ ಜಜ್ಜಿಹೋಗುತ್ತದೆ.

ಆಮೇಲೆ ಆಗುವುದು ಬಿಲ್ಲು ಹೆದೆಯ ಕಥೆ. ಅಲ್ನಾ ನಿಂತಿತು, ರೇಡಿಯಸ್ ಬೆಳೆಯುತ್ತಲೇ ಇದೆ. ಬೆಳೆಯದ ಮೂಳೆ ಹೆದೆಯ ಹಾಗೆ ಎಳೆದು ಹಿಡಿಯುತ್ತದೆ. ರೇಡಿಯಸ್ ಬಿಲ್ಲಿನ ಹಾಗೆ ಮುಂದಕ್ಕೆ ಬಾಗುತ್ತದೆ, ಪಾದ ಹೊರಗೆ ತಿರುಗುತ್ತದೆ. ಚಿಗರಿಯ ಪಾದ ಹತ್ತೊಂಬತ್ತು ಡಿಗ್ರಿ ಹೊರಗೆ ವಾಲಿತ್ತು. ಎಡಗಾಲಿನಲ್ಲಿ ನಾಲ್ಕು ಡಿಗ್ರಿ ಇತ್ತು. ಅಷ್ಟು ನಾಯಿಗಳಿಗೆ ಸಹಜವಂತೆ.

ನಾನು ಪಾದವನ್ನೇ ನೋಡುತ್ತಿದ್ದೆ. ಡಾಕ್ಟರು ಪೆನ್ನನ್ನು ಮೇಲೆ ಮೊಣಕೈಗೆ ತಂದರು. ಅಲ್ಲಿ ಅಲ್ನಾ ಕೆಳಗೆ ಎಳೆದಂತಾಗಿ, ತೋಳಿನ ಮೂಳೆಗೂ ಅದಕ್ಕೂ ನಡುವೆ ಎರಡು ಮಿಲಿಮೀಟರಿನಷ್ಟು ಸಂದು ಬಿದ್ದಿತ್ತು. "ಸೊಟ್ಟ ಪಾದ ಇಟ್ಕೊಂಡು ನಾಯಿ ಜೀವನ ಮಾಡ್ತದ. ಮೊಣಕೈ ಕೆಟ್ಟರ ಜೀವನಪೂರ್ತಿ ನೋವು. ನನಗ ಅವಸರ ಇರೋದು ಇದರ ಸಲುವಾಗಿ" ಅಂದರು.

ದಾರಿ ಎರಡು. ಮರಿ ಇನ್ನೂ ಬೆಳೆಯುತ್ತಿದ್ದರೆ ಅಲ್ನಾದ ಒಂದು ತುಂಡು ತೆಗೆದುಬಿಡುವುದು. ಹೆದೆ ಕಡಿದ ಹಾಗೆ. ಆಗ ರೇಡಿಯಸ್ಸಿಗೆ ಹಿಡಿತ ತಪ್ಪಿ, ಉಳಿದ ತಿಂಗಳುಗಳಲ್ಲಿ ತಾನೇ ನೇರ ಬೆಳೆಯುವ ಅವಕಾಶ ಸಿಗುತ್ತದೆ. ಬೆಳವಣಿಗೆ ಮುಗಿದ ನಾಯಿಗೆ ಇದರಿಂದ ಕಾಲು ನೇರ ಆಗದು. ಅದಕ್ಕೆ ರೇಡಿಯಸ್ಸನ್ನೇ ಲೆಕ್ಕ ಹಾಕಿ ಕೊಯ್ದು, ಬೆಣೆಯಂಥ ಚೂರು ತೆಗೆದು, ನೇರ ಮಾಡಿ ಪ್ಲೇಟು ಸ್ಕ್ರೂ ಹಾಕಬೇಕು, ಇಲ್ಲವೇ ಹೊರಗಿನಿಂದ ಕಂಬಿಯ ಚೌಕಟ್ಟು. ಚಿಗರಿಗೆ ಐದು ತಿಂಗಳು. ಕಾಯುವ ಹಾಗಿರಲಿಲ್ಲ.

ಆ ಚೌಕಟ್ಟನ್ನು ನಾನು ಅವತ್ತೇ ಹೊರಗೆ ಕಂಡೆ. ಒಂದು ಲ್ಯಾಬ್ರಡಾರ್, ವರ್ಷದ ಹತ್ತಿರ ವಯಸ್ಸು. ಕಾಲಿನ ಸುತ್ತ ಲೋಹದ ಉಂಗುರಗಳು, ಉಂಗುರದಿಂದ ಮೂಳೆಯೊಳಗೆ ಹೋದ ತಂತಿಗಳು. ನೋಡಿ ನನಗೆ ಕಣ್ಣು ಕತ್ತಲೆ ಬಂತು. ಅದರ ಯಜಮಾನಿ ಮರಾಠಿ ಅಜ್ಜಿ. ಪರ್ಸಿನಿಂದ ಸಣ್ಣ ಸ್ಪ್ಯಾನರ್ ತೆಗೆದು ತೋರಿಸಿದರು. ದಿನಕ್ಕೆ ನಾಲ್ಕು ಸಲ ನಟ್ಟು ತಿರುಗಿಸಬೇಕು, ಒಂದು ಸಲಕ್ಕೆ ಕಾಲು ಮಿಲಿಮೀಟರ್. ಒಂದು ದಿನಕ್ಕೆ ಒಂದು ಮಿಲಿಮೀಟರಿನಂತೆ ಕೊಯ್ದ ಮೂಳೆ ದೂರ ಸರಿಯುತ್ತದೆ, ನಡುವೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಸೋವಿಯತ್ ಕಾಲದ ಕುರ್ಗಾನ್ ಊರಿನ ಡಾಕ್ಟರು ಇಲಿಜಾರೊವ್ 1950ರ ದಶಕದಲ್ಲಿ ಮನುಷ್ಯರಿಗೆ ಮಾಡಿದ ವಿಧಾನ ಇದು. ಅಜ್ಜಿ ಆ ನಾಯಿಯ ಕಿವಿ ಸವರುತ್ತಾ, ಮೊದಲ ದಿನ ಕೈ ನಡುಗಿತು, ಈಗ ಅವನೇ ಕಾಲು ಮುಂದೆ ಮಾಡುತ್ತಾನೆ ಅಂದರು. ಅವರ ಮಾತು ಕೇಳಿದ ಮೇಲೆ ನನಗೂ ಧೈರ್ಯ ಬಂತು.

ರಾತ್ರಿ ಧಾರವಾಡಕ್ಕೆ ಫೋನ್ ಮಾಡಿದೆ. ಅವ್ವ ಸುಮಾರು ಹೊತ್ತು ಸುಮ್ಮನಿದ್ದಳು. "ಅಷ್ಟು ಸಣ್ಣ ಕೂಸಿನ ಎಲುಬು ಕೊಯ್ಯಸ್ತೀಯೇನ? ಅರಿಶಿಣ ಹಚ್ಚಿ ಪಟ್ಟಿ ಕಟ್ಟು" ಅಂದಳು. ನಮ್ಮವರು ದುಡ್ಡಿನ ಲೆಕ್ಕ ಹಾಕುತ್ತಿದ್ದರು. ಆಪರೇಷನ್, ಅರಿವಳಿಕೆ, ರಕ್ತಪರೀಕ್ಷೆ ಎಲ್ಲ ಸೇರಿ 34 ಸಾವಿರ. ಆಮೇಲಿನ ಎಕ್ಸ್-ರೇಗಳು ಬೇರೆ. ದಸರೆಗೆ ಊರಿಗೆ ಹೋಗಲು ಇಟ್ಟ ಹಣ ಅದರಲ್ಲಿ ಹೋಯಿತು. ನನಗೆ ಆ ಬಗ್ಗೆ ಇವತ್ತಿಗೂ ಬೇಜಾರಿಲ್ಲ. ಗಾಡಿಯ ಮೇಲೆ ಕೂರಿಸಿಕೊಂಡವಳು ನಾನು.

ರಕ್ತಪರೀಕ್ಷೆಯಲ್ಲಿ ಉಣ್ಣೆ ಹುಳ ಕಚ್ಚಿ ಬರುವ ಜ್ವರವನ್ನೂ ನೋಡಿದರು. ಅದಿದ್ದರೆ ಪ್ಲೇಟ್‌ಲೆಟ್ ಇಳಿದು ರಕ್ತ ನಿಲ್ಲುವುದು ಕಷ್ಟ. ಅದೃಷ್ಟಕ್ಕೆ ಎಲ್ಲಾ ಸರಿ ಇತ್ತು. ಆಗಸ್ಟ್ 1, ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆವು. ಬಲಗಾಲಿನ ಕೂದಲನ್ನು ಬೆರಳಿನಿಂದ ಭುಜದವರೆಗೆ ಬೋಳಿಸಿದರು. ಕೂದಲು ಹೋದ ಮೇಲೆ ಕಾಲು ಎಷ್ಟು ಸಣ್ಣದು, ಎಷ್ಟು ಸೊಟ್ಟ ಅಂತ ಕಂಡಿತು. ತೊಡೆಯ ಸಂದಿನ ಹತ್ತಿರವೂ ಒಂದು ಅಂಗೈಯಷ್ಟು ಬೋಳಿಸಿದರು. ಅಲ್ಲಿಂದ ಕೊಬ್ಬು ತೆಗೆಯಬೇಕಿತ್ತು.

ಈ ಕೊಬ್ಬಿನ ವಿಷಯ ನನಗೆ ಬಹಳ ಹಿಡಿಸಿತು. ಮರಿಗಳ ಮೂಳೆ ಎಷ್ಟು ಬೇಗ ಕೂಡುತ್ತದೆ ಅಂದರೆ, ತುಂಡು ತೆಗೆದ ಜಾಗ ಕೆಲವೇ ವಾರದಲ್ಲಿ ತುಂಬಿಹೋಗುತ್ತದೆ. ತುಂಬಿದರೆ ಮತ್ತೆ ಹೆದೆ ಕಟ್ಟಿದ ಹಾಗೆ. ಅದಕ್ಕೇ ಮೂಳೆಯ ಜೊತೆ ಅದರ ಮೇಲಿನ ಪೊರೆಯನ್ನೂ ತೆಗೆಯುತ್ತಾರೆ, ಹೊಸ ಮೂಳೆ ಹುಟ್ಟಿಸುವುದು ಆ ಪೊರೆ. ಆ ಸಂದಿನಲ್ಲಿ ನಾಯಿಯದೇ ಕೊಬ್ಬಿನ ಒಂದು ಉಂಡೆ ಇಡುತ್ತಾರೆ. ಕೊಬ್ಬನ್ನು ದಾಟಿ ಮೂಳೆ ಸುಲಭಕ್ಕೆ ಕೂಡುವುದಿಲ್ಲ. ಲೋಹ ಇಲ್ಲ, ಸ್ಕ್ರೂ ಇಲ್ಲ. ಅವಳ ಮೈಯಿಂದಲೇ ತೆಗೆದು ಅವಳ ಮೈಗೇ ಇಟ್ಟದ್ದು.

ಒಳಗೆ ಒಂದೂಕಾಲು ಗಂಟೆ. ಹೊರಗೆ ಕಾಕಾ ಸಕಾಳ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಕೂತಿದ್ದರು, ನಾನೂ ಹೇಳಲಿಲ್ಲ. ಡಾಕ್ಟರು ಬಂದು ಒಂದು ಸಣ್ಣ ಡಬ್ಬಿ ತೋರಿಸಿದರು. ಒಳಗೆ ಒಂದೂವರೆ ಸೆಂಟಿಮೀಟರಿನ ಮೂಳೆ ಚೂರು. ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆದು ಬರೆದು ಕೊನೆಗೆ ಉಳಿಯುವ ಬಳಪದ ಹಾಗಿತ್ತು. ಒಂದು ಬದಿ ಗುಲಾಬಿ, ಇನ್ನೊಂದು ಬದಿ ಬಿಳಿ. ಇಷ್ಟೇ ಇಷ್ಟು ಚೂರು ಆ ಮರಿಯ ಇಡೀ ಕಾಲನ್ನು ಎಳೆದು ಹಿಡಿದಿತ್ತು.

ಸಂಜೆ ಮನೆಗೆ ಕಳಿಸಿದರು. ಗಾಯ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್, ಕಾಲಿಗೆ ಹತ್ತಿಯ ದಪ್ಪ ಬ್ಯಾಂಡೇಜ್. ನೋವಿಗೆ ಮೆಲಾಕ್ಸಿಕಾಂ, ಜೊತೆಗೆ ಗ್ಯಾಬಪೆಂಟಿನ್. ಮನೆಯಲ್ಲಿರುವ ನಮ್ಮ ಮಾತ್ರೆ ಕೊಡಲೇಬೇಡಿ ಎಂದು ಎರಡು ಸಲ ಹೇಳಿದರು. ಐಬುಪ್ರೊಫೇನ್ ನಾಯಿಗಳಿಗೆ ವಿಷ. ಮೊದಲ ರಾತ್ರಿ ಅವಳು ಸಣ್ಣಗೆ ನರಳುತ್ತಲೇ ಇದ್ದಳು. ಅವ್ವ ಹೊಲಿದುಕೊಟ್ಟ ಕೌದಿಯನ್ನು ನೆಲಕ್ಕೆ ಹಾಸಿ ಪಕ್ಕದಲ್ಲೇ ಮಲಗಿದೆ. ನಡುರಾತ್ರಿ ಬ್ಯಾಂಡೇಜಿನ ಕಾಲನ್ನು ತಂದು ನನ್ನ ಕೈ ಮೇಲೆ ಇಟ್ಟಳು. ಬೆಳಗಾಗುವವರೆಗೂ ಆ ಕೈ ಅಲುಗಿಸಲಿಲ್ಲ.

ಮುಂದಿನ ಆರು ವಾರ ನಿಜವಾದ ಕೆಲಸ ನಮ್ಮದು. ಟೈಲ್ಸ್ ಮೇಲೆ ಜಾರಬಾರದು ಎಂದು ಹಾಲಿನಿಂದ ಬಾಲ್ಕನಿವರೆಗೆ ರಬ್ಬರ್ ಮ್ಯಾಟ್. ಸೋಫಾ ಹತ್ತುವ ಹಾಗಿಲ್ಲ, ಮೆಟ್ಟಿಲಿಳಿಯುವ ಹಾಗಿಲ್ಲ. ಮೂರನೇ ಮಹಡಿಯಿಂದ ದಿನಕ್ಕೆ ನಾಲ್ಕು ಸಲ ಎತ್ತಿಕೊಂಡು ಇಳಿಸಬೇಕು, ಹತ್ತೂವರೆ ಕಿಲೋ. ಹೊರಗೆ ಧಾರಾಕಾರ ಮಳೆ. ಬ್ಯಾಂಡೇಜ್ ಒದ್ದೆಯಾದರೆ ಒಳಗೆ ಚರ್ಮ ಕೊಳೆಯುತ್ತದೆ. ಅದಕ್ಕೆ ನರ್ಸ್ ಒಂದು ಉಪಾಯ ಹೇಳಿಕೊಟ್ಟರು: ಖಾಲಿ ಸಲೈನ್ ಚೀಲದ ಮೇಲ್ತುದಿ ಕತ್ತರಿಸಿ, ಪಾದಕ್ಕೆ ಬೂಟಿನ ಹಾಗೆ ಹಾಕಿ, ಮೇಲೆ ಪಟ್ಟಿ ಸುತ್ತುವುದು. ಒಳಗೆ ಬಂದ ತಕ್ಷಣ ತೆಗೆಯಬೇಕು, ಇಲ್ಲದಿದ್ದರೆ ಬೆವರುತ್ತದೆ. ಅಂಗಡಿಯಲ್ಲಿ ಸಿಗುವ ಯಾವ ನಾಯಿ ಬೂಟೂ ಇಷ್ಟು ಚೆನ್ನಾಗಿ ಕೂರುವುದಿಲ್ಲ.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು, ಬ್ಯಾಂಡೇಜೂ ಹೋಯಿತು. ಆಮೇಲೆ ಹಗ್ಗ ಹಿಡಿದು ಐದೈದು ನಿಮಿಷದ ನಡಿಗೆ. ಕಾಲು ಊರಬೇಕು, ಓಡಬಾರದು. ಊರದೇ ಇದ್ದರೆ ಕೀಲು ಬಿಗಿಯಾಗುತ್ತದೆ. ಮಗಳು ದಿನಾ ಸಂಜೆ ಅವಳ ಮಣಿಕಟ್ಟನ್ನು ಹದಿನೈದು ಸಲ ಮೆಲ್ಲಗೆ ಮಡಿಸಿ ಬಿಚ್ಚುತ್ತಿದ್ದಳು. ಎಣಿಕೆ ಕನ್ನಡದಲ್ಲಿ. ಶಾಲೆಯಲ್ಲಿ ಮರಾಠಿ ಅಂಕಿ ಕಲಿತವಳು, ಹನ್ನೊಂದರಾಚೆ ಕನ್ನಡದ ಎಣಿಕೆ ಸರಾಗವಾದದ್ದು ಚಿಗರಿಯ ಕಾಲಿನಿಂದಲೇ.

ಇದರ ನಡುವೆ ಗಣಪತಿ. ಆಗಸ್ಟ್ ಪೂರ್ತಿ ಮುಠಾ ನದಿಯ ದಂಡೆಯಲ್ಲಿ ಢೋಲ್ ಬಾರಿಸುವ ತಂಡಗಳ ತಾಲೀಮು. ಸೆಪ್ಟೆಂಬರ್ 7ರಿಂದ ನಮ್ಮ ಗಲ್ಲಿಯಲ್ಲೇ ಢೋಲ್-ತಾಶಾ. ಚಿಗರಿ ಹೆದರಿ ಮಂಚದ ಕೆಳಗೆ ನುಗ್ಗಿದರೆ ಕಾಲಿನ ಗತಿ ಏನು? ಬಾತ್‌ರೂಮಿನ ಪಕ್ಕದ ಸಣ್ಣ ಕೋಣೆಗೆ ಹಾಸಿಗೆ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ಹತ್ತು ದಿನ ಸರದಿಯ ಮೇಲೆ ಅಲ್ಲೇ ಕೂತೆವು. ನಮ್ಮ ಗಲ್ಲಿಯ ಮಂಡಳದ ಹುಡುಗರಿಗೆ ಕಾಕಾ ಹೋಗಿ ವಿಷಯ ಹೇಳಿದರು. ಅವರು ನಮ್ಮ ಕಟ್ಟಡದ ಮುಂದೆ ಬಾರಿಸುವುದನ್ನು ನಿಲ್ಲಿಸಿ ಸುಮ್ಮನೆ ದಾಟಿ ಹೋದರು. ಕೇಳಿದರೆ ಜನ ಕೇಳುತ್ತಾರೆ.

ಆಗಸ್ಟ್ 31ರ ಎಕ್ಸ್-ರೇ ನೋಡಿದಾಗ ಡಾಕ್ಟರು ಮೊದಲು ಪಾದ ನೋಡಲಿಲ್ಲ, ಮೊಣಕೈ ನೋಡಿದರು. ಸಂದು ಇರಲಿಲ್ಲ. ಮೇಲಿನ ಸ್ನಾಯು ಬಿಡುಗಡೆಯಾದ ಅಲ್ನಾದ ಮೇಲ್ಭಾಗವನ್ನು ಮೇಲಕ್ಕೆ ಎಳೆದುಕೊಂಡು ಕೀಲಿನಲ್ಲಿ ಸರಿಯಾಗಿ ಕೂರಿಸಿತ್ತು. "ಮುಖ್ಯ ಕೆಲಸ ಆಗ್ಯದ" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಪಾದದ ವಾಲು ಹದಿನೈದಕ್ಕೆ ಇಳಿದಿತ್ತು. ತುಂಡು ತೆಗೆದ ಸಂದು ಕಡಿಮೆ ಆಗುವ ಬದಲು ಒಂದೂವರೆಯಿಂದ ಎರಡು ಸೆಂಟಿಮೀಟರ್ ಆಗಿತ್ತು. ಹೆದರಿದೆ. ಅದೇ ಒಳ್ಳೆಯ ಲಕ್ಷಣ, ರೇಡಿಯಸ್ ಬೆಳೆದ ಹಾಗೆ ಅಲ್ನಾದ ಎರಡು ತುಂಡು ದೂರ ಸರಿಯಲೇಬೇಕು ಅಂದರು. ಸೆಪ್ಟೆಂಬರ್ 28ಕ್ಕೆ ಹನ್ನೆರಡು ಡಿಗ್ರಿ. ಆಗ ಸಂದಿನ ಅಂಚಿನಲ್ಲಿ ಮಂಜಿನಂಥ ಬಿಳಿ ಕಂಡಿತು. ಮೂಳೆ ಕೂಡಲು ನೋಡುತ್ತಿದೆಯೇ ಎಂದು ಮೂರು ವಾರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಕೂಡಿದ್ದರೆ ಮತ್ತೆ ಅದೇ ಆಪರೇಷನ್. ಕೂಡಲಿಲ್ಲ.

2025ರ ಜನವರಿ 11, ಕೊನೆಯ ಎಕ್ಸ್-ರೇ. ರೇಡಿಯಸ್ಸಿನ ಬೆಳೆಯುವ ಗೆರೆಯೂ ಮುಚ್ಚಿತ್ತು. ಇನ್ನು ತಾನಾಗಿ ಏನೂ ಬದಲಾಗದು. ಲೆಕ್ಕ ಹೀಗಿತ್ತು: ಪಾದ ಒಂಬತ್ತು ಡಿಗ್ರಿ ಹೊರಗೆ, ಬಲ ರೇಡಿಯಸ್ ಎಡದ್ದಕ್ಕಿಂತ ಎಂಟು ಮಿಲಿಮೀಟರ್ ಗಿಡ್ಡ, ಮೊಣಕೈ ಸರಿ. ಪೂರ್ತಿ ನೇರ ಆಗಲಿಲ್ಲ. ಕ್ಯಾಲ್ಸಿಯಂ ಕುಡಿಸಿದ ಹನ್ನೆರಡು ದಿನ, ಅದಕ್ಕೆ ಮೊದಲು ಮರೆತ ಎರಡು ವಾರ ಕೈಯಲ್ಲಿದ್ದಿದ್ದರೆ ಇನ್ನೆಷ್ಟು ಇಳಿಯುತ್ತಿತ್ತೋ ಎಂದು ಕೇಳಿದೆ. ಡಾಕ್ಟರು ಸುಳ್ಳು ಸಮಾಧಾನ ಹೇಳಲಿಲ್ಲ. "ಸ್ವಲ್ಪ ಹೆಚ್ಚು ಸಿಗ್ತಿತ್ತು" ಅಂದರು.

ಉಳಿದ ಸೊಟ್ಟಕ್ಕೆ ರೇಡಿಯಸ್ ಕೊಯ್ದು ಪ್ಲೇಟ್ ಹಾಕಬೇಕೇ ಎಂದು ಅರ್ಧ ಗಂಟೆ ಮಾತಾಡಿದೆವು. ಚಿಗರಿಯನ್ನು ಮತ್ತೆ ಅದೇ ಕಾರಿಡಾರಿನಲ್ಲಿ ನಡೆಸಿದರು, ಆಮೇಲೆ ಓಡಿಸಿದರು. ನಾಯಿಗಳು ಮೊಣಕೈ ಮತ್ತು ಭುಜವನ್ನು ಸ್ವಲ್ಪ ಜಾಸ್ತಿ ಚಾಚಿ ಕಾಲಿನ ಗಿಡ್ಡತನ ಸರಿದೂಗಿಸಿಕೊಳ್ಳುತ್ತವೆ. ಅವಳು ಅದನ್ನೇ ಮಾಡುತ್ತಿದ್ದಳು. ಕುಂಟು ಇರಲಿಲ್ಲ. ಮಣಿಕಟ್ಟು ಒತ್ತಿದರೆ ನೋವಿರಲಿಲ್ಲ. ಎರಡನೇ ಆಪರೇಷನ್ ಬೇಡ, ತೂಕ ಹದಿನಾರು ಕಿಲೋ ದಾಟಿಸಬೇಡಿ, ವರ್ಷಕ್ಕೊಮ್ಮೆ ಮೊಣಕೈ ಎಕ್ಸ್-ರೇ ತೆಗೆಸಿ ಅಂದರು.

ಹೊರಗೆ ಬಂದಾಗ ಒಬ್ಬ ಹುಡುಗ ಮೂರು ತಿಂಗಳ ಡ್ಯಾಷ್‌ಹಂಡ್ ಮರಿ ಹಿಡಿದು ಕೂತಿದ್ದ. ಮಂಚದಿಂದ ಬಿದ್ದಿದೆ, ಎಕ್ಸ್-ರೇಯಲ್ಲಿ ಏನೂ ಇಲ್ಲವಂತೆ, ಮನೆಗೆ ಹೋಗಬಹುದಂತೆ ಅಂದ. ನಾನು ಚಿಗರಿಯನ್ನು ನಮ್ಮವರ ಕೈಗೆ ಕೊಟ್ಟು ಅವನ ಪಕ್ಕ ಕೂತೆ. ಫೋನಿನಲ್ಲಿ ಕ್ಯಾಲೆಂಡರ್ ತೆಗೆಸಿದೆ. ಮೂರು ವಾರದ ನಂತರದ ಶನಿವಾರ, ಫೆಬ್ರುವರಿ 1, ಅದರ ಮೇಲೆ ‘ಎಕ್ಸ್-ರೇ, ಎರಡೂ ಕಾಲು’ ಎಂದು ಅವನ ಕೈಯಲ್ಲೇ ಬರೆಸಿದೆ.